ಇವಿಯೋ ಹೈಬ್ರಿಡ್ಡೋ? ಮೊದಲು ಪಾರ್ಕಿಂಗ್ ನೋಡಿ
ಪೂರ್ತಿ ಬ್ಯಾಟರಿಯಲ್ಲೇ ಓಡುವ ಇವಿ ಕೊಳ್ಳಬೇಕೋ, ಪೆಟ್ರೋಲ್ ಇಂಜಿನ್ ಜೊತೆ ಮೋಟರೂ ಇರುವ ಹೈಬ್ರಿಡ್ ಕೊಳ್ಳಬೇಕೋ? ಬೆಂಗಳೂರಿನಂಥ ಊರಿನಲ್ಲಿ ಇದನ್ನು ತೀರ್ಮಾನಿಸುವುದು ಷೋರೂಮ್ ಅಲ್ಲ, ಪಾರ್ಕಿಂಗ್ ಜಾಗ. ನಿಮ್ಮ ಮೀಟರಿನಿಂದ ಅಲ್ಲಿಗೆ ವೈರ್ ಎಳೆಸಬಹುದಾದರೆ ಇವಿ ತಗೊಳ್ಳಿ. 45 ಯೂನಿಟ್‌ ಬ್ಯಾಟರಿ 7.2 ಕಿಲೋವ್ಯಾಟ್ ಚಾರ್ಜರಿನಲ್ಲಿ ಸುಮಾರು 7 ಗಂಟೆಗೆ ತುಂಬುತ್ತದೆ. 15 ಆಂಪ್ ಪ್ಲಗ್ಗಿಗೆ ಹಾಕಿದರೆ 15 ಗಂಟೆ ಬೇಕು. ಅರ್ತಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜೇ ತಗೊಳ್ಳುವುದಿಲ್ಲ, ಎಲೆಕ್ಟ್ರೀಷಿಯನ್‌ ಕರೆಸಿ ಮೊದಲೇ ಪರೀಕ್ಷಿಸಿ. ಯೂನಿಟ್ಟಿಗೆ 6–7 ಕಿ.ಮೀ. ಓಡುವುದರಿಂದ ಕಿಲೋಮೀಟರಿಗೆ ರೂಪಾಯಿ ಆಸುಪಾಸು ಖರ್ಚು. ಬರೀ ಹೊರಗಿನ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ಅದು ಎರಡು ಮೂರು ಪಟ್ಟು.

ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ ಸ್ಟ್ರಾಂಗ್ ಹೈಬ್ರಿಡ್ಡೇ ವಾಸಿ. ಅದಕ್ಕೆ ಪ್ಲಗ್ ಬೇಡ, ಸ್ವಲ್ಪ ದೂರ ಬರೀ ಮೋಟರಿನಲ್ಲೂ ಓಡುತ್ತದೆ. ಸಿಗ್ನಲ್ ಟ್ರಾಫಿಕ್ಕಿನಲ್ಲಿ ಇಂಜಿನ್ ಆಗಾಗ ಆಫ್ ಆಗಿ ಪೆಟ್ರೋಲ್ ಉಳಿಯುತ್ತದೆ. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿಯಿದ್ದರೆ ಚೀಲ ಅಡ್ಡ ಇಡಬೇಡಿ. ಧೂಳು ಕಟ್ಟಿಕೊಂಡರೂ ಬ್ಯಾಟರಿ ಬಿಸಿಯಾಗಿ ಸೊರಗುತ್ತದೆ. ಮೈಲ್ಡ್ ಹೈಬ್ರಿಡ್ ಬರೀ ಮೋಟರಿನಲ್ಲಿ ಓಡದು, ಹೆಸರಿಗಷ್ಟೇ ಹೈಬ್ರಿಡ್.