ಸೀರೆ ಅಂಗಡಿ ಸೈಟಿಗೆ ಶೇರ್ಡ್ ಹೋಸ್ಟಿಂಗಾ, ವಿಪಿಎಸ್ಸಾ, ಕ್ಲೌಡ್‌ಫ್ಲೇರ್ ಪೇಜಸ್ಸಾ?

ನನ್ನ ಓಟು ಕ್ಲೌಡ್‌ಫ್ಲೇರ್ ಪೇಜಸ್‌ಗೆ, ಅಂದ್ರೆ ರೆಡಿ ಮಾಡಿಟ್ಟ ಪುಟಗಳನ್ನ ಹಂಗೇ ತೋರಿಸೋ ಕ್ಲೌಡ್‌ಫ್ಲೇರ್ ಕಂಪನಿ ಸೇವೆಗೆ, ಮೊದ್ಲೇ ಹೇಳ್ಬಿಡ್ತೀನಿ. ದಾವಣಗೆರೆ ಮಂಡಿಪೇಟೆಲಿ ನಮ್ಮ ಮಾವಂದು ಸೀರೆ ಅಂಗಡಿ, ಮೊಳಕಾಲ್ಮೂರು ರೇಷ್ಮೆನೇ ಜಾಸ್ತಿ, ಅದರ ಸೈಟ್ ನೋಡ್ಕೊಳ್ಳೋನು ನಾನು. ಮೂರೂ ಬಳಸಿ ನೋಡಾಯ್ತು.

ಶೇರ್ಡ್ ಹೋಸ್ಟಿಂಗಲ್ಲಿ ಒಂದೇ ಸರ್ವರಿಗೆ ನೂರಾರು ಸೈಟ್ ತುಂಬಿರ್ತಾರೆ. ಸಿಪ್ಯಾನೆಲ್ ಅನ್ನೋ ಕಂಟ್ರೋಲ್ ಪುಟದಲ್ಲಿ ಒಂದು ಬಟನ್ ಒತ್ತಿದ್ರೆ ಸೈಟ್ ಕಟ್ಟೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ರೆಡಿ, ಇಮೇಲೂ ಜೊತೆಗೇ. ಮೊದಲ ಸಲ ಅಗ್ಗ, ರಿನ್ಯೂವಲ್‌ಗೆ ರೇಟೇ ಬೇರೆ. ಅದನ್ನಾದ್ರೂ ತಡ್ಕೋಬಹುದು, ಕನ್ನಡ ಹೋಗಿದ್ದನ್ನ ತಡ್ಕೊಳ್ಳಕ್ಕಾಗ್ಲಿಲ್ಲ.

ಕಂಪನಿಯೋರು ಹಳೇ ಸರ್ವರಿಂದ ಹೊಸದಕ್ಕೆ ಸೈಟ್ ಸಾಗಿಸಿದ್ರು. ಬೆಳಿಗ್ಗೆ ಮಾವನ ಫೋನು, "ಏನೋ ಇದು, ಸೀರೆ ಹೆಸರಿರೋ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ ಬರ್ತೈತಲ್ಲ!" ನೋಡಿದ್ರೆ ಫೋಟೋ, ರೇಟು, ಇಂಗ್ಲಿಷು ಎಲ್ಲ ಸರಿ ಐತೆ, ಕನ್ನಡ ಮಾತ್ರ ಒಂದಕ್ಷರ ಉಳಿದಿಲ್ಲ. ಹೊಸ ಡೇಟಾಬೇಸ್ ಲ್ಯಾಟಿನ್1 ಅನ್ನೋ ಅಕ್ಷರ ಪದ್ಧತಿಲಿ ಆಗಿತ್ತು, ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನಲ್ಲಿ 2018ರಲ್ಲಿ 8.0 ಬರೋ ತನಕ ಅದೇ ಡೀಫಾಲ್ಟು. ಎಲ್ಲ ಭಾಷೆ ಅಕ್ಷರ ಹಿಡಿಸೋ ಯುಟಿಎಫ್-8 ಪದ್ಧತಿಲಿ ಕನ್ನಡದ ಒಂದು ಅಕ್ಷರಕ್ಕೆ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್ ಬೇಕು, ಲ್ಯಾಟಿನ್1 ಇಡೋದು 1 ಬೈಟ್, ಅದರ ಪಟ್ಟಿಲಿ ಕನ್ನಡನೇ ಇಲ್ಲ, ಹಂಗಾಗಿ ಅಲ್ಲೆಲ್ಲ ಪ್ರಶ್ನೆ ಚಿಹ್ನೆ ಬರೆದಿಟ್ಕೊಂಡಿತ್ತು.

ಇದೊಂದು ನೆನಪಿಟ್ಕೊಳ್ಳಿ. ಕನ್ನಡದ ಜಾಗದಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಥರದ ಅಕ್ಷರ ಕಂಡ್ರೆ ಸಾಮಾನ್ಯವಾಗಿ ಡೇಟಾ ಒಳಗೆ ಇರ್ತೈತೆ, ಸರಿ ಮಾಡಬಹುದು. ಡೇಟಾಬೇಸ್ ಒಳಗೇ ಪ್ರಶ್ನೆ ಚಿಹ್ನೆ ಕೂತಿದ್ರೆ ಹಳೇ ಬ್ಯಾಕಪ್ ಬಿಟ್ಟು ಬೇರೆ ದಾರಿ ಇಲ್ಲ. ಸಪೋರ್ಟ್‌ನೋರು ಕ್ಯಾಶ್ ಕ್ಲಿಯರ್ ಮಾಡಿ ಅಂತಾನೇ ಹೇಳ್ತಾ ಕೂತ್ರು, ಅವರ ಹತ್ರ ಇದ್ದ ಬ್ಯಾಕಪ್ಪೂ ಸಾಗಿಸಿದ ಮೇಲಿಂದೇ. ಮಾವ ಗಿರಾಕಿಗಳಿಗೆ ಕಳಿಸಿದ್ದ ವಾಟ್ಸಾಪ್ ಮೆಸೇಜಿಂದ ಒಂದೊಂದೇ ಸೀರೆ ವಿವರ ಎತ್ಕೊಂಡು ಮತ್ತೆ ತುಂಬಿಸಿದ್ದು.

ವಿಪಿಎಸ್, ಅಂದ್ರೆ ದೊಡ್ಡ ಸರ್ವರಲ್ಲಿ ನಮಗಂತಲೇ ಬಿಟ್ಟ ಒಂದು ಪಾಲು, ಚೆನ್ನಾಗೈತೆ. ಡಿಜಿಟಲ್‌ಓಶನ್‌ದು ಬೆಂಗಳೂರಲ್ಲೇ ಡೇಟಾಸೆಂಟರ್ ಇರೋದ್ರಿಂದ ಸ್ಪೀಡೂ ಸಿಗ್ತು. ಆದ್ರೆ ಅಪ್‌ಡೇಟು, ಫೈರ್‌ವಾಲು, ಬ್ಯಾಕಪ್ಪು ಎಲ್ಲ ನಮ್ಮ ತಲೆ ಮೇಲೆ, ತಿಂಗಳ ಬಿಲ್ಲು ಬೇರೆ. ದಿನಾ ಟರ್ಮಿನಲ್ ಮುಂದೆ ಕೂರೋರಿಗೆ ಸರಿ.

ಪೇಜಸ್‌ನಲ್ಲಿ ಡೇಟಾಬೇಸೇ ಬೇಕಾಗಲ್ಲ. ಸೀರೆ ವಿವರ ಎಲ್ಲ ಮಾಮೂಲಿ ಟೆಕ್ಸ್ಟ್ ಫೈಲು, ಹ್ಯೂಗೋ ಅನ್ನೋ ಸಾಫ್ಟ್‌ವೇರ್ ಅದನ್ನ ಎಚ್‌ಟಿಎಂಎಲ್ ಪುಟ ಮಾಡುತ್ತೆ (ಇದೇ ಬಿಲ್ಡ್), ಫೈಲ್ ಇಡೋ ಗಿಟ್‌ಹಬ್ ತಾಣಕ್ಕೆ ತಳ್ಳಿದ್ರೆ ತಾನೇ ಬಿಲ್ಡ್ ಆಗಿ ಸೈಟ್ ಬದಲಾಗುತ್ತೆ, ಹಳೇ ಆವೃತ್ತಿ ಎಲ್ಲ ಬದಲಾವಣೆ ಲೆಕ್ಕ ಇಡೋ ಗಿಟ್‌ನಲ್ಲಿ ಭದ್ರ. ಫ್ರೀ ಪ್ಲಾನಲ್ಲಿ ತಿಂಗಳಿಗೆ 500 ಬಿಲ್ಡ್, ಒಂದು ಫೈಲ್ 25 ಎಂಬಿ ಒಳಗಿರಬೇಕು, ನಮಗೆ ಧಾರಾಳ. ಎಚ್‌ಟಿಟಿಪಿಎಸ್ ತಾನಾಗೇ ಬರುತ್ತೆ. ಗಿಟ್‌ಹಬ್ ಪೇಜಸ್ಸೂ ಫ್ರೀನೇ, ಆದ್ರೆ ಆನ್‌ಲೈನ್ ವ್ಯಾಪಾರದ ಸೈಟಿಗೆ ಅದರ ನಿಯಮ ಒಪ್ಪಲ್ಲ.

ಕಾರ್ಟು, ಲಾಗಿನ್ನು, ಸ್ಟಾಕ್ ಲೆಕ್ಕ ಬೇಕಾದೋರಿಗೆ ಇದಲ್ಲ. ಮಾವನ ಆರ್ಡರ್ ಬರೋದೆಲ್ಲ ವಾಟ್ಸಾಪಲ್ಲಿ, ಸೈಟಲ್ಲಿ ಅದರ ಲಿಂಕ್ ಇದ್ರೆ ಸಾಕು. ಅವರು ರೇಟ್ ಬದಲಾಗಿದ್ದು ಮೆಸೇಜ್ ಹಾಕ್ತಾರೆ, ನಾನು ರಾತ್ರಿ ಊಟ ಆದ್ಮೇಲೆ ಫೈಲ್ ತಿದ್ದಿ ತಳ್ತೀನಿ. ಈಗ ದುಡ್ಡು ಕೊಡೋದು ಡೊಮೈನಿಗೆ ಮಾತ್ರ, ಅದನ್ನೂ ಹೋಸ್ಟಿಂಗ್ ಜೊತೆ ತಗೊಳ್ದೆ ಬೇರೆ ಕಡೆ ಮಾವನ ಹೆಸರಲ್ಲೇ ತೆಗ್ಸಿದೀನಿ.