ಆಮ್‌ಸ್ಟರ್‌ಡ್ಯಾಮ್: ಮಗುವಿಗೆ ಯಾವ ಶಾಲೆ?

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಲಸ ಸಿಕ್ಕಿದೆಯಾ? ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿ: ಮಕ್ಕಳ ಫೀಸನ್ನು ಕಂಪನಿ ಕೊಡುತ್ತಾ? ಅರ್ಧ ನಿರ್ಧಾರ ಅಲ್ಲೇ ಆಗಿಬಿಡುತ್ತದೆ.

ಕೊಡುತ್ತದೆ ಅಂದರೆ ಪಕ್ಕದ ಊರು ಆಮ್ಸ್ಟೆಲ್‌ವೀನ್‌ನ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಆಮ್‌ಸ್ಟರ್‌ಡ್ಯಾಮ್ ನೋಡಿ. 1964ರಿಂದ ಇರುವ ಖಾಸಗಿ ಶಾಲೆ. ಚಿಕ್ಕವರಿಂದ ಹಿಡಿದು ಪಿಯುಸಿ ಮಟ್ಟದ ಡಿಪ್ಲೊಮಾವರೆಗೆ ಐಬಿ, ಅಂದರೆ ಹಲವು ದೇಶಗಳಲ್ಲಿ ನಡೆಯುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಪಠ್ಯಕ್ರಮ. ದೊಡ್ಡ ತರಗತಿಗಳ ಫೀಸು ವರ್ಷಕ್ಕೆ 25,000 ಯೂರೋ ದಾಟುತ್ತದೆ. ಕೈಯಿಂದ ಕಟ್ಟುವುದು ಸುಮ್ನೆ ಮಾತಲ್ಲ.

ಆಮ್‌ಸ್ಟರ್‌ಡ್ಯಾಮ್ ಇಂಟರ್‌ನ್ಯಾಷನಲ್ ಕಮ್ಯುನಿಟಿ ಸ್ಕೂಲ್‌ನಲ್ಲೂ ಹೈಸ್ಕೂಲಿಗೆ ಐಬಿಯೇ. ಡಚ್ ಸರ್ಕಾರದ ಅನುದಾನ ಇರುವುದರಿಂದ ಫೀಸು ಖಾಸಗಿ ಶಾಲೆಗಿಂತ ತುಂಬಾ ಕಡಿಮೆ. ಆದರೆ ಎಲ್ಲರಿಗೂ ಸೀಟಿಲ್ಲ. ನೀವು ಕೆಲಸದ ಮೇಲೆ ಸೀಮಿತ ಅವಧಿಗೆ ಬಂದವರು ಅಂತ ಕಂಪನಿಯ ಪತ್ರ ತೋರಿಸಬೇಕು. ವೇಟಿಂಗ್ ಲಿಸ್ಟ್ ಬೇರೆ! ಹಾಗಾಗಿ ಮನೆ ಹುಡುಕುವ ಮೊದಲೇ ಅರ್ಜಿ ಹಾಕಿ.

ಮೂರನೆಯದು ಮಾಮೂಲಿ ಡಚ್ ಶಾಲೆ. ಫೀಸಿಲ್ಲ, ಇಷ್ಟವಿದ್ದರೆ ಸಣ್ಣ ವಂತಿಗೆ. ಡಚ್ ಬಾರದ, ಆರು ವರ್ಷ ದಾಟಿದ ಮಕ್ಕಳಿಗೆ ಮೊದಲು ಹೊಸಬರ ತರಗತಿ ಇರುತ್ತದೆ. ಮಗುವಿಗೆ ನಾಲ್ಕೈದು ವರ್ಷ, ಅಲ್ಲೇ ನೆಲೆಸುವ ಯೋಚನೆ ಇದ್ದರೆ ನನ್ನ ಓಟು ಇದಕ್ಕೇ. ಹದಿನಾಲ್ಕರ ಮಗ, ಎರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಅಂದರೆ ಮಾತ್ರ ಬೇಡ. ಐಬಿ ಬೆಂಗಳೂರಲ್ಲೂ ಸಿಗುತ್ತದೆ, ಡಚ್ ಪಠ್ಯ ಸಿಗಲ್ಲ ಅಲ್ವಾ.