ಜಪವೋ ಸಾಕ್ಷಿಭಾವವೋ: ಧ್ಯಾನ ಆರಂಭಿಸುವವರಿಗೆ ಒಂದು ಹೋಲಿಕೆ

ಚಿಕ್ಕಮಗಳೂರಿನಲ್ಲಿ ಧ್ಯಾನ ಆರಂಭಿಸಬೇಕೆನ್ನುವವರು ಮೊದಲು ನಿರ್ಧರಿಸಬೇಕಾದದ್ದು ಸ್ಥಳವನ್ನಲ್ಲ, ಕ್ರಮವನ್ನು: ಮಂತ್ರವನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಜಪವೋ, ಬಂದ ಯೋಚನೆಗಳನ್ನು ಸುಮ್ಮನೆ ಗಮನಿಸುವ ಸಾಕ್ಷಿಭಾವವೋ ಎಂಬುದನ್ನು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲೂ ರಜಾದಿನ ಗದ್ದಲವಿರುತ್ತದೆ. ಮನೆಯ ಜಗಲಿಯೇ ಸಾಕು.

ಜಪದಲ್ಲಿ ಮನಸ್ಸು ಜಾರಿದಾಗ ಮರಳಲು ಒಂದು ನೆಲೆಯಿರುವುದರಿಂದ, ಕಾಫಿ ಕೊಯ್ಲಿನ ದಿನಗಳಲ್ಲಿ ದಣಿದು ಬಂದವರಿಗೂ ಅದು ಒಗ್ಗುತ್ತದೆ. ಆದರೆ ಬಂದ ಯೋಚನೆಗಳನ್ನೆಲ್ಲ ಅದುಮಲು ಹೊರಟರೆ ಧ್ಯಾನವೇ ಹೋರಾಟವಾಗುತ್ತದೆ.

ಸಾಕ್ಷಿಭಾವದಲ್ಲಿ ಆ ಹೋರಾಟಕ್ಕೆ ಎಡೆಯಿಲ್ಲ. ಕಾಳುಮೆಣಸಿನ ದರದ ಚಿಂತೆ ಎದ್ದರೆ ಅದನ್ನು ಓಡಿಸುವುದೂ ಇಲ್ಲ, ಅದರ ಬೆನ್ನು ಹತ್ತಿ ಲೆಕ್ಕ ಹಾಕುತ್ತ ಕೂರುವುದೂ ಇಲ್ಲ. ಚಿಂತೆ ಎದ್ದಿದೆ, ಎದೆ ಬಿಗಿದಿದೆ ಎಂಬುದನ್ನು ಇದ್ದಂತೆಯೇ ಗಮನಿಸಿದಾಗ ಅದರ ಕಾವು ಇಳಿಯತೊಡಗುತ್ತದೆ, ಎರಡು ಯೋಚನೆಗಳ ನಡುವಿನ ಬಿಡುವು ಕೇಳದೆಯೇ ಗೋಚರಿಸುತ್ತದೆ. ನಿಯಂತ್ರಿಸುವವನು ನಿಯಂತ್ರಣಕ್ಕೊಳಗಾಗುವ ಯೋಚನೆಯಿಂದ ಬೇರೆಯಲ್ಲವೆಂದು ಚಿಂತಕ ಜಿಡ್ಡು ಕೃಷ್ಣಮೂರ್ತಿ (1895–1986) ಒತ್ತಿ ಹೇಳುತ್ತಿದ್ದುದು ಇದೇ ಕಾರಣಕ್ಕೆ. ಮಂತ್ರದ ಪುನರಾವರ್ತನೆ ಮನಸ್ಸನ್ನು ಮಂಕಾಗಿಸುತ್ತದೆಂದೂ ಅವರು ಎಚ್ಚರಿಸಿದ್ದರು. ಆ ಕೊನೆಯ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ: ಶ್ರದ್ಧೆಯಿಂದ ಜಪಿಸುವ ಹಿರಿಯರಲ್ಲಿ ನಾನು ಕಂಡಿರುವುದು ನಿಜವಾದ ನೆಮ್ಮದಿಯನ್ನೇ.

ಧ್ಯಾನ ಗುರು ಎಸ್. ಎನ್. ಗೋಯೆಂಕಾ ಪರಂಪರೆಯ 10 ದಿನಗಳ ವಿಪಶ್ಯನ ಶಿಬಿರ ಇವೆರಡರ ನಡುವೆ ನಿಲ್ಲುತ್ತದೆ. ಮೊದಲ 3 ದಿನ ಸಹಜ ಉಸಿರನ್ನು ಗಮನಿಸಿ, ಬಳಿಕ ದೇಹದ ಸಂವೇದನೆಗಳನ್ನು ಸಮಚಿತ್ತದಿಂದ ನೋಡಲು ಕಲಿಸುತ್ತಾರೆ. ಶುಲ್ಕವಿಲ್ಲ, ಮೌನ ಕಡ್ಡಾಯ.

ಮನಸ್ಸು ತೀರಾ ಚಂಚಲವಾಗಿದ್ದವರು ಜಪದಿಂದ ತೊಡಗಲಿ. ಏಕಾಗ್ರತೆಗಾಗಿ ಹೆಣಗಿ ಸೋತವರು ಸಾಕ್ಷಿಭಾವವನ್ನೇ ಆರಿಸಿಕೊಳ್ಳಲಿ. ತೀವ್ರ ಆತಂಕ ಅಥವಾ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ದೀರ್ಘ ಮೌನ ಶಿಬಿರಕ್ಕೆ ಸೇರುವ ಮುನ್ನ ವೈದ್ಯರ ಸಲಹೆ ಪಡೆಯಬೇಕು.